ಬೇಡ ಎಂದವರು ಡಾಕ್ಟರಲ್ಲ

ನನ್ನ ಮುಖ ದುಂಡಗಾಗುತ್ತಿದ್ದ ಆ ಎರಡು ತಿಂಗಳು ಅತ್ತೆ ನನ್ನನ್ನು ನೋಡಿಕೊಂಡ ಹಾಗೆ ಅದಕ್ಕೆ ಮೊದಲು ಯಾರೂ ನೋಡಿಕೊಂಡಿರಲಿಲ್ಲ, ಆಮೇಲೂ ಇಲ್ಲ. ನಾನು ಏಳುವ ಹೊತ್ತಿಗೆ ರಾಗಿ ಗಂಜಿ ಲೋಟದಲ್ಲಿ ಹದವಾಗಿ ಆರಿರುತ್ತಿತ್ತು. ಕೆನೆ ಕಟ್ಟದಿರಲಿ ಎಂದು ಮೇಲೊಂದು ಸಣ್ಣ ತಟ್ಟೆ ಮುಚ್ಚಿರುತ್ತಿದ್ದರು. ಬಕೆಟ್ಟಿಗೆ ಕೈ ಹಾಕಿದರೆ "ಬಿಡವ್ವ, ನಾನ್ ಎತ್ಕತೀನಿ" ಎಂದು ಕಸಿದುಕೊಳ್ಳುತ್ತಿದ್ದರು. ಮನೆಯಲ್ಲಿ ಸದಾ ಇರುತ್ತಿದ್ದ ಪಪ್ಪಾಯಿ ಹಣ್ಣು ಬರುವುದು ನಿಂತಿತು. ಮಧ್ಯಾಹ್ನ ನಾನು ಮಲಗಿದರೆ ಹಾಲಿನಲ್ಲಿ ಟೀವಿಯ ಸದ್ದು ತಗ್ಗುತ್ತಿತ್ತು.

ಅತ್ತೆಗೆ ನನ್ನ ಕಾಯಿಲೆಯ ವಿಷಯ ಹೇಗೋ ಗೊತ್ತಾಗಿದೆ, ಗೊತ್ತಾಗಿಯೂ ನನ್ನನ್ನು ಕೆದಕದೆ ಸುಮ್ಮನೆ ನೋಡಿಕೊಳ್ಳುತ್ತಿದ್ದಾರೆ ಎಂದು ನಾನು ತಿಳಿದುಕೊಂಡಿದ್ದೆ. ಅವರು ತಿಳಿದುಕೊಂಡಿದ್ದು ಬೇರೆ. ನಾನು ಬಸುರಿ, ಮೂರು ತಿಂಗಳು ತುಂಬುವವರೆಗೆ ಬಾಯಿ ಬಿಡಬಾರದೆಂದು ಸುಮ್ಮನಿದ್ದೇನೆ ಎಂದು.

ಆಗ ನನಗೆ ಇಪ್ಪತ್ತೊಂಬತ್ತು. ಮದುವೆಯಾಗಿ ಮೂರು ವರ್ಷ. ಹುಟ್ಟಿ ಬೆಳೆದದ್ದು ಸಿದ್ದಾಪುರದಲ್ಲಿ, ಓದಿದ್ದು ಕಾನ್ವೆಂಟಿನಲ್ಲಿ. ಸೇರಿದ್ದು ಸಾರಕ್ಕಿಯ ಹಳೆಯ ಮನೆತನವನ್ನು. ಈಗ ಅಪಾರ್ಟ್‌ಮೆಂಟ್‌ಗಳು ನಿಂತಿರುವ ಜಾಗದಲ್ಲಿ ಅತ್ತೆ ಜಯಮ್ಮ ಸೊಸೆಯಾಗಿ ಬಂದ ಹೊಸದರಲ್ಲಿ ರಾಗಿ ಕಳೆ ಕಿತ್ತಿದ್ದರಂತೆ. ನಾನು ಬರುವ ಹೊತ್ತಿಗೆ ಮಾವ ಇರಲಿಲ್ಲ. ಹೊಲ ಹೋಗಿ ಮೂರು ಅಂತಸ್ತಿನ ಮನೆ ಆಗಿತ್ತು. ಮೇಲಿನ ಎರಡರಲ್ಲಿ ಬಾಡಿಗೆಯವರು, ಕೆಳಗೆ ನಾವು ಮೂವರು. ನನ್ನ ಗಂಡ ಮಂಜುನಾಥ ಸಿಗ್ನಲ್ಲಿನ ಹತ್ತಿರ ಪೈಂಟ್ ಅಂಗಡಿ ನಡೆಸುತ್ತಾರೆ.

ಆ ಬೇಸಿಗೆಯಲ್ಲಿ ಬೆಳಗಿನ ಹೊತ್ತು ನನ್ನ ಬೆರಳುಗಳು ಮಡಚದಾದವು. ಹಲ್ಲುಜ್ಜುವ ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿಯುತ್ತಿದ್ದೆ, ಚಿಕ್ಕ ಮಕ್ಕಳ ಹಾಗೆ. ಕುಕ್ಕರಿನ ಮುಚ್ಚಳ ತೆಗೆಯಲು ಎರಡೂ ಅಂಗೈ ಬೇಕಾಗುತ್ತಿತ್ತು. ಕೆನ್ನೆಯ ಮೇಲೆ ಮೂಗಿನ ಎರಡೂ ಬದಿಗೆ ಕೆಂಪು ಹರಡಿತು. ಬಿಸಿಲಿಗೆ ಎಂದುಕೊಂಡೆ. ಸಂಜೆಗೆ ಚಪ್ಪಲಿಯ ಪಟ್ಟಿ ಪಾದದಲ್ಲಿ ಗುರುತು ಬಿಡತೊಡಗಿದ ಮೇಲೆ ಜಯನಗರದ ಒಂದು ಆಸ್ಪತ್ರೆಗೆ ಹೋದೆ. ಅಲ್ಲಿಂದ ಇನ್ನೊಂದಕ್ಕೆ ಕಳಿಸಿದರು. ಮೂರನೆಯ ಸಲ ರಕ್ತ ಕೊಟ್ಟ ಮೇಲೆ ಐವತ್ತು ದಾಟಿದ ಒಬ್ಬ ಲೇಡಿ ಡಾಕ್ಟರು ನನ್ನ ಎರಡೂ ಕೈ ಹಿಡಿದು ಒಂದೊಂದೇ ಗೆಣ್ಣು ಒತ್ತಿ ನೋಡಿ, ಕೈ ಬಿಡದೆ ಹೇಳಿದರು: "ಇದಕ್ಕೆ ಲೂಪಸ್ ಅಂತಾರಮ್ಮ. ಮೈ ಕಾಯಬೇಕಾದ ಶಕ್ತಿನೇ ಮೈ ಮೇಲೆ ತಿರುಗಿ ಬೀಳೋದು. ಕಿಡ್ನಿನೂ ಸ್ವಲ್ಪ ಮುಟ್ಟಿದೆ. ಬಿಟ್ಟು ಹೋಗೋ ಕಾಯಿಲೆ ಅಲ್ಲ. ಆದ್ರೆ ಇದನ್ನ ಪಳಗಿಸ್ಕೊಂಡು ಇರಬಹುದು."

"ಯಾಕೆ ಬಂತು ಡಾಕ್ಟರ್?"

"ಗೊತ್ತಿಲ್ಲಮ್ಮ. ಬರುತ್ತೆ."

ಆ ಉತ್ತರ ನನಗೆ ಆ ದಿನ ತುಂಬಾ ಕ್ರೂರವೆನಿಸಿತ್ತು. ಈಗ ಹಾಗನಿಸುವುದಿಲ್ಲ.

ಸ್ಟೆರಾಯ್ಡ್ ಮಾತ್ರೆ ಶುರುವಾಯಿತು. ಮುಖ ಊದುತ್ತದೆ, ಹೊಟ್ಟೆ ಬರುತ್ತದೆ, ಹಸಿವು ಜಾಸ್ತಿಯಾಗುತ್ತದೆ, ತಿಂಗಳ ಮುಟ್ಟೂ ತಪ್ಪಬಹುದು ಎಂದು ಮೊದಲೇ ಹೇಳಿದ್ದರು. ಎಲ್ಲವೂ ಹಾಗೆಯೇ ಆಯಿತು. ಎರಡು ತಿಂಗಳ ನಂತರದ ಟೆಸ್ಟಿನ ರಿಪೋರ್ಟ್ ಬರುವವರೆಗೆ ಅಮ್ಮನಿಗೆ ಹೇಳುವುದು ಬೇಡ, ಸುಮ್ಮನೆ ಗಾಬರಿಯಾಗುತ್ತಾಳೆ ಎಂದರು ಮಂಜುನಾಥ. ನಾನೂ ಒಪ್ಪಿದೆ. ಹೀಗಾಗಿ ಒಂದೇ ಮನೆಯಲ್ಲಿ ನಾನು ಕಾಯಿಲೆಯನ್ನು ಮುಚ್ಚಿಟ್ಟುಕೊಂಡು, ಅತ್ತೆ ಸಂತೋಷವನ್ನು ಮುಚ್ಚಿಟ್ಟುಕೊಂಡು, ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡುತ್ತಾ ಇದ್ದೆವು.

ಅದು ಒಡೆದದ್ದು ಗೇಟಿನ ಹತ್ತಿರ. ಹೂವಿನವಳಿಗೆ ಕಾಯುತ್ತಾ ನಿಂತಿದ್ದೆವು. ಎದುರು ಮನೆಯ ನಾಗರತ್ನಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನ್ ಜಯಮ್ಮ, ಸೊಸೆ ಮುಖದಲ್ಲಿ ಕಳೆ ತುಂಬ್ಕೊಂಡೈತೆ. ನಮ್ಗೂ ಒಂದ್ ಮಾತು ಹೇಳ್ಬಾರ್ದಾ? ಎಷ್ಟ್ರಲ್ಲೈತೆ?" ಅಂದರು.

ಅತ್ತೆ ನನ್ನ ಕಡೆ ತಿರುಗಿದರು. ಆ ಮುಖವನ್ನು ನಾನು ಹೇಗೆ ಬರೆಯಲಿ. ಎರಡು ತಿಂಗಳು ನಾಲಿಗೆ ಕಚ್ಚಿಕೊಂಡಿದ್ದವರಿಗೆ ಯಾರೋ ಅಪ್ಪಣೆ ಕೊಟ್ಟ ಹಾಗಿತ್ತು. "ಹೇಳ್ಬಹುದು ಕಣವ್ವ ಈಗ. ನನ್ ಲೆಕ್ಕದಲ್ಲಿ ಮೂರು ತುಂಬ್ತಲ್ವಾ?" ಎಂದರು, ಸಣ್ಣ ದನಿಯಲ್ಲಿ, ನನಗಷ್ಟೇ ಕೇಳುವ ಹಾಗೆ.

"ಇಲ್ಲ ಅತ್ತೆ. ಇದು ಮಾತ್ರೆಗೆ ಊದಿರೋದು," ಅಂದೆ.

ಹೂವಿನವಳು ಬಂದಳು. ಅತ್ತೆ ಎರಡು ಮೊಳ ಕನಕಾಂಬರ ತೆಗೆದುಕೊಂಡು ಒಳಗೆ ಹೋದರು. ಸಂಜೆ ಎಲ್ಲವನ್ನೂ ಹೇಳಿದೆ. ಕೇಳಿ ಅತ್ತರು, ನನ್ನ ತಲೆ ಸವರಿದರು, "ದೊಡ್ಡ ಡಾಕ್ಟ್ರಿಗೆ ತೋರ್ಸಣ" ಅಂದರು. ಕೆಟ್ಟ ಮಾತೊಂದೂ ಆಡಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಗಂಜಿಯ ಲೋಟ ಇರಲಿಲ್ಲ. ಮರೆತಿರಬೇಕು, ಅಷ್ಟೇ. ಅವರಿಗೂ ರಾತ್ರಿ ನಿದ್ದೆ ಬಂದಿರಲಿಕ್ಕಿಲ್ಲ. ನಾನು ಸ್ಟೌ ಹಚ್ಚಿ ನಾನೇ ಕಾಯಿಸಿಕೊಂಡು, ಎರಡು ತಿಂಗಳು ನಾನು ಕುಡಿದದ್ದೆಲ್ಲ ಇನ್ನೊಬ್ಬರ ಪಾಲಿನದು ಎಂದುಕೊಂಡು ಕುಡಿದೆ.

ಆಮೇಲಿನ ವರ್ಷಗಳ ಬಹುಪಾಲು ನನಗೆ ಕಾಯುವ ಕೋಣೆಗಳಾಗಿ ನೆನಪಿದೆ. ಮಂಜುನಾಥ ಅಂಗಡಿ ತೆರೆಯಬೇಕು, ಅತ್ತೆಗೆ ಮಂಡಿ ನೋವು. ನಾನೇ ಬಸ್ಸು ಹತ್ತಿ ಹೋಗುತ್ತಿದ್ದೆ. ನೀಲಿ ಕುರ್ಚಿಗಳ ಸಾಲು, ಸದ್ದಿಲ್ಲದ ಟೀವಿಯಲ್ಲಿ ಯಾರೋ ಕೇಕ್ ಮಾಡುತ್ತಿರುತ್ತಿದ್ದರು. ನಮ್ಮ ಕಾಯಿಲೆಯವರನ್ನು ಗುರುತಿಸುವುದು ಸುಲಭ. ಏಪ್ರಿಲ್ ತಿಂಗಳಲ್ಲಿ ಉದ್ದ ತೋಳಿನ ರವಿಕೆ, ಮಳೆಯಿಲ್ಲದಿದ್ದರೂ ಮಡಿಲಲ್ಲಿ ಛತ್ರಿ. ಬಿಸಿಲು ನಮಗೆ ಆಗುವುದಿಲ್ಲ. ಒಬ್ಬರನ್ನೊಬ್ಬರು ನೋಡಿ ಸಣ್ಣಗೆ ನಗುತ್ತಿದ್ದೆವು. ಹೆಸರು ಕೇಳುತ್ತಿರಲಿಲ್ಲ. ಒಬ್ಬಾಕೆ ಮಾತ್ರೆಯ ಹಾಳೆಯನ್ನು ಬೆರಳಿನಿಂದ ಒತ್ತದೆ ಚಮಚದ ಹಿಂಬದಿಯಿಂದ ಒಡೆಯುವುದನ್ನು ತೋರಿಸಿಕೊಟ್ಟರು. ಆ ಉಪಕಾರವನ್ನು ದಿನಕ್ಕೆ ಎರಡು ಸಲ ನೆನೆಯುತ್ತೇನೆ. ಲ್ಯಾಬಿನ ಹುಡುಗಿಯೊಬ್ಬಳು ನನ್ನ ನರ ಸಿಗದಾಗ "ಆಂಟಿ, ನಿಮ್ ಕೈ ತಣ್ಣಗಿದೆ, ಒಂದ್ ನಿಮಿಷ" ಎಂದು ತನ್ನ ಎರಡೂ ಅಂಗೈ ನಡುವೆ ನನ್ನ ಕೈ ಇಟ್ಟುಕೊಂಡು ಬೆಚ್ಚಗೆ ಮಾಡಿದಳು. ಆ ತಿಂಗಳಲ್ಲಿ ನನ್ನನ್ನು ಯಾರಾದರೂ ಮುಟ್ಟಿದ್ದು ಅಷ್ಟೇ ಎಂದು ಬಸ್ಸಿನಲ್ಲಿ ಹೊಳೆದು, ಕಿಟಕಿಯ ಕಡೆ ತಿರುಗಿ ಕೂತೆ.

ನನಗೆ ಮೂವತ್ತಮೂರು ನಡೆಯುವಾಗ ಡಾಕ್ಟರು ಮುಂದಿನ ಸಲ ಗಂಡನನ್ನೂ ಕರೆದುಕೊಂಡು ಬಾ ಎಂದರು. ಮಂಜುನಾಥ ಬಂದರು. ಉಗುರಿನ ಸಂದಿಯಲ್ಲಿ ತಿಳಿ ಹಸಿರು ಬಣ್ಣ ಇನ್ನೂ ಇತ್ತು.

"ಎರಡು ವರ್ಷದಿಂದ ಕಾಯಿಲೆ ತಣ್ಣಗಿದೆ. ಕಿಡ್ನಿ ರಿಪೋರ್ಟ್ ಚೆನ್ನಾಗಿದೆ. ಮಗು ಬೇಕು ಅಂದ್ರೆ ಈಗ ಯೋಚನೆ ಮಾಡಬಹುದು," ಎಂದರು ಡಾಕ್ಟರು. "ಕೆಲವು ಮಾತ್ರೆ ಬದಲಾಯಿಸ್ತೀನಿ. ಆರು ತಿಂಗಳು ನೋಡೋಣ. ರಿಸ್ಕ್ ಇಲ್ಲ ಅಂತ ಹೇಳಲ್ಲ. ತುಂಬಾ ಸಲ ಬರಬೇಕಾಗುತ್ತೆ. ಆದ್ರೆ ಬೇಡ ಅಂತನೂ ನಾನು ಹೇಳಲ್ಲ."

ಸ್ಕೂಟರಿನಲ್ಲಿ ವಾಪಸು ಹೊರಟೆವು. ಸಾರಕ್ಕಿ ಸಿಗ್ನಲ್ಲಿನಲ್ಲಿ ಎಂದಿನ ಹಾಗೆ ಸಿಕ್ಕಿಕೊಂಡೆವು. ಎದುರು ಮೆಟ್ರೋ ಕಂಬ, ಪಕ್ಕದಲ್ಲಿ ತರಕಾರಿ ಆಟೋ. ನಾನು ಅವರ ಹೆಲ್ಮೆಟ್ಟಿನ ಹಿಂಭಾಗಕ್ಕೆ ಹೇಳಿದೆ: "ನನಗೆ ಬೇಡ ಅನ್ಸುತ್ತೆ."

ಅವರು ತಿರುಗಲಿಲ್ಲ. "ನೀನ್ ಹೆಂಗ್ ಹೇಳ್ತೀಯೋ ಹಂಗೆ," ಅಂದರು. ಹಸಿರು ಬಂತು.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಇದ್ದರು. "ಏನಂದ್ರು?" ಎಂದು ಕೇಳಿದ್ದು ನನ್ನನ್ನು. ಉತ್ತರ ಕೊಟ್ಟಿದ್ದು ಮಂಜುನಾಥ: "ಡಾಕ್ಟ್ರು ಬೇಡ ಅಂದ್ರು ಕಣಮ್ಮ. ಇವಳ ಜೀವಕ್ಕೇ ಅಪಾಯ ಅಂತೆ. ಇನ್ಮೇಲೆ ಆ ಮಾತು ಎತ್ತಬೇಡ."

ನನ್ನನ್ನು ಕಾಪಾಡಲು ಹೇಳಿದ ಸುಳ್ಳು ಅದು. ಸ್ಕೂಲಿನಲ್ಲಿ ಸಿಸ್ಟರುಗಳು ನಮಗೆ ಸುಳ್ಳು ಹೇಳಬಾರದೆಂದು ಎಷ್ಟು ಕಲಿಸಿದ್ದರೆಂದರೆ, ಮಾಡದ ತಪ್ಪನ್ನೂ ಒಪ್ಪಿಕೊಂಡು ಬರುತ್ತಿದ್ದ ಹುಡುಗಿ ನಾನು. ಆದರೆ ಈ ಸುಳ್ಳನ್ನು ನಾನು ಹೇಳಿರಲಿಲ್ಲ, ಸುಮ್ಮನೆ ನಿಂತಿದ್ದೆ ಅಷ್ಟೇ. ಸುಮ್ಮನಿರುವುದು ಸುಳ್ಳಲ್ಲ ಎಂದು ನಾನೇ ಒಂದು ಸಾಲು ಸೇರಿಸಿಕೊಂಡೆ. ಆ ಸಾಲಿನ ಮೇಲೆ ಐದು ವರ್ಷ ಕೂತಿದ್ದೆ.

ಯಾಕೆ ಬೇಡವೆಂದೆ ಎಂದು ಕೇಳುವವರಿಗೆ ಹೇಳಬಹುದಾದ ಕಾರಣಗಳು ನನ್ನಲ್ಲಿ ಇದ್ದವು. ಅವೆಲ್ಲ ನಿಜವೂ ಹೌದು. ಕಿಡ್ನಿಯ ಹೆದರಿಕೆ ಇತ್ತು. ಬಹಳ ಕಷ್ಟದಿಂದ ಮಲಗಿಸಿದ ಕಾಯಿಲೆಯನ್ನು ಮಾತ್ರೆ ಬದಲಿಸಿ ತಟ್ಟಿ ಎಬ್ಬಿಸಿದ ಹಾಗಾದರೆ ಎಂಬ ಹೆದರಿಕೆ. ಒಮ್ಮೆ ನಾಗರತ್ನಮ್ಮನ ಮೊಮ್ಮಗಳನ್ನು ಎತ್ತಿಕೊಂಡಿದ್ದಾಗ ಇದ್ದಕ್ಕಿದ್ದ ಹಾಗೆ ಮಣಿಕಟ್ಟಿನಲ್ಲಿ ಬಲ ಹೋಯಿತು. ಮಗು ಬೀಳಲಿಲ್ಲ. ಗೋಡೆಗೆ ಒರಗಿ ಸೊಂಟಕ್ಕೆ ಒತ್ತಿ ಹಿಡಿದುಕೊಂಡೆ. ಯಾರೂ ನೋಡಲಿಲ್ಲ. ಅದಾದ ಮೇಲೆ ಎಷ್ಟೋ ದಿನ ಆ ಮಗು ನೆಲಕ್ಕೆ ಬೀಳುವುದನ್ನು ನೋಡುತ್ತಿದ್ದೆ, ಕಣ್ಣು ಬಿಟ್ಟುಕೊಂಡೇ. ನಾನು ಹಾಸಿಗೆ ಹಿಡಿದರೆ ಅಮ್ಮನ ಕೋಣೆಗೆ ಹೋಗಬೇಡ ಎಂದು ಹೇಳಿಸಿಕೊಂಡು ಬೆಳೆಯುವ ಮಗುವನ್ನೂ ನೋಡುತ್ತಿದ್ದೆ.

ಈ ಕಾರಣಗಳನ್ನು ಮಂಜುನಾಥರಿಗೆ ಹೇಳಿದ್ದೆ. ಅವುಗಳ ಕೆಳಗೆ ಇನ್ನೊಂದಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಕಾಯಿಲೆ ಬರುವುದಕ್ಕೆ ಮೊದಲಿನ ಮೂರು ವರ್ಷ, ಪ್ರತಿ ತಿಂಗಳೂ ನಾನು ಹೊರಗಾದಾಗ ಅತ್ತೆ ಉಸಿರು ಬಿಟ್ಟು ಕ್ಯಾಲೆಂಡರಿನ ಕಡೆ ನೋಡುತ್ತಿದ್ದರು. ಮಂಜುನಾಥ "ಪರವಾಗಿಲ್ಲ ಬಿಡು" ಎನ್ನುತ್ತಿದ್ದರು. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ಬಕೆಟ್ ತುಂಬುವವರೆಗೆ ಗೋಡೆಗೆ ಒರಗಿ ನಿಂತಿರುತ್ತಿದ್ದೆ. ನನಗೆ ಹಗುರವಾಗುತ್ತಿತ್ತು. ಪರೀಕ್ಷೆ ಮುಂದಕ್ಕೆ ಹೋದ ದಿನ ಆಗುತ್ತಿದ್ದಂಥ ಹಗುರ. ಹೊರಗೆ ಬರುವಾಗ ಮುಖವನ್ನು ಸಪ್ಪಗೆ ಮಾಡಿಕೊಂಡು ಬರುತ್ತಿದ್ದೆ.

ನನಗೆ ಮಕ್ಕಳೆಂದರೆ ಆಗದು ಎಂದಲ್ಲ. ನಮ್ಮ ಬೀದಿಯ ನಾಲ್ಕೈದು ಮಕ್ಕಳಿಗೆ ಸಂಜೆ ಕೂಡಿಸಿ ಬರೆಯುವ ಇಂಗ್ಲಿಷ್ ಅಕ್ಷರ ಕಲಿಸುತ್ತೇನೆ, ನಮಗೆ ಸಿಸ್ಟರುಗಳು ಕಲಿಸಿದ ಹಾಗೆಯೇ, ಬಾಲ ಎಳೆದು, ಹೊಟ್ಟೆ ತಿದ್ದಿ. ಆ ಮಕ್ಕಳ ರಬ್ಬರಿನ ವಾಸನೆ ನನಗೆ ಇಷ್ಟ. ಅವರು ಆರು ಗಂಟೆಗೆ ಹೋಗುವುದೂ ಇಷ್ಟ. ಅವರು ಹೋದ ಮೇಲೆ ಚಾಪೆ ಸುತ್ತಿಡುವಾಗ ನನ್ನಲ್ಲಿ ಏನೂ ಖಾಲಿಯಾದಂತೆ ಅನಿಸುವುದಿಲ್ಲ. ಅನಿಸಲಿ ಎಂದು ಕಾದು ನೋಡಿದ್ದೇನೆ. ಎಲ್ಲರಿಗೂ ತಾನಾಗಿ ಬರುವ ಆಸೆ ನನಗೆ ಯಾಕೆ ಬರಲಿಲ್ಲ ಎಂದು ಕೇಳಿದರೆ ನನ್ನ ಬಳಿ ಇರುವುದು ಡಾಕ್ಟರು ಕೊಟ್ಟ ಉತ್ತರವೇ. ಗೊತ್ತಿಲ್ಲಮ್ಮ.

ಹೀಗಿರುವಾಗ ಲೂಪಸ್ ಬಂತು, ಮತ್ತು ಯಾರೂ ಎದುರು ಮಾತಾಡಲಾಗದ ಒಂದು ಕಾರಣವನ್ನು ನನ್ನ ಕೈಗೆ ಕೊಟ್ಟಿತು. ಇಷ್ಟು ಕಷ್ಟ ಕೊಟ್ಟ ಕಾಯಿಲೆಗೆ ನಾನು ಒಳಗೊಳಗೆ ಋಣಿಯಾಗಿದ್ದೆ ಎಂದು ಬರೆಯುವಾಗ ಈಗಲೂ ಪೆನ್ನು ನಿಲ್ಲುತ್ತದೆ. ಆದರೆ ನಿಮ್ಮಲ್ಲಿ ಯಾರೋ ಒಬ್ಬರು ಇವತ್ತೂ ಉದ್ದ ತೋಳಿನ ರವಿಕೆ ತೊಟ್ಟು, ಟೋಕನ್ ಹಿಡಿದು, ಇದೇ ಯೋಚನೆಯನ್ನು ಪಾಪವೆಂಬಂತೆ ಬಚ್ಚಿಟ್ಟುಕೊಂಡು ಕೂತಿರಬಹುದು. ಪಕ್ಕದ ಕುರ್ಚಿಯಲ್ಲಿ ನಾನಿದ್ದೆ ಎಂದು ತಿಳಿಯಿರಿ. ನನಗೀಗ ನಲವತ್ತೊಂದು. ಕಾಯಿಲೆ ಇದೆ. ನಾನೂ ಇದ್ದೇನೆ.

ಸುಮ್ಮನಿರುವುದರ ಫಲ ನನಗೆ ದಿನವೂ ಸಿಗುತ್ತಿತ್ತು. ಅದರ ಹೆಸರು ಕನಿಕರ. ಯಾರದೇ ಮನೆಯ ಸೀಮಂತವಿರಲಿ, ತೊಟ್ಟಿಲ ಶಾಸ್ತ್ರವಿರಲಿ, ಅತ್ತೆ ನನಗಿಂತ ಮೊದಲು ಬಾಯಿ ಹಾಕುತ್ತಿದ್ದರು. "ಅವಳ್ನ ಬಿಡಿ, ಪಾಪ. ಡಾಕ್ಟ್ರೇ ಬ್ಯಾಡ ಅಂದವ್ರೆ." ಬಂಜೆ ಎಂಬ ಮಾತನ್ನು ಯಾರೂ ನನ್ನ ಹತ್ತಿರಕ್ಕೆ ತರದ ಹಾಗೆ ಅವರು ಆ ಒಂದು ವಾಕ್ಯವನ್ನು ನನ್ನ ಮುಂದೆ ಹಿಡಿದುಕೊಂಡು ನಡೆಯುತ್ತಿದ್ದರು. ನಾನು ಅದರ ನೆರಳಲ್ಲಿ ನಡೆಯುತ್ತಿದ್ದೆ. ಅತ್ತೆಗೆ ಅಷ್ಟು ಹತ್ತಿರದಿಂದ ಮೋಸ ಮಾಡುತ್ತಾ, ಅವರ ಹತ್ತಿರ ಹೋಗಲಾರದೆ.

ನನಗೆ ಮೂವತ್ತೆಂಟಾದ ಚಳಿಗಾಲದಲ್ಲಿ ಮೇಲಿನ ಮನೆಯ ಶೈಲಾಗೆ ಏಳು ತಿಂಗಳು ತುಂಬಿತ್ತು. ಗದಗಿನ ಕಡೆಯ ಹುಡುಗಿ. ಗಂಡ ಹೆಂಡತಿ ಇಬ್ಬರೂ ಆಫೀಸಿಗೆ ಹೋಗುವವರು. ಅವರ ಕಡೆ ಏಳರಲ್ಲಿ ಕುಬುಸ ಮಾಡುತ್ತಾರೆ. ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಟ್ಟು, ಮುತ್ತೈದೆಯರು ಒಬ್ಬೊಬ್ಬರಾಗಿ ಉಡಿ ತುಂಬುತ್ತಾರೆ. ಊರಿಗೆ ಹೋಗಲು ರಜೆ ಸಿಗದೆ ಇಲ್ಲೇ ಮಾಡುವುದೆಂದಾಯಿತು. ಅವಳ ತಾಯಿ ರೊಟ್ಟಿಯ ಗಂಟು ಹೊತ್ತುಕೊಂಡು ರೈಲಿನಲ್ಲಿ ಬಂದಿಳಿದರು.

ಶೈಲಾ ನಮ್ಮ ಅಡುಗೆಮನೆಯ ಬಾಗಿಲಿಗೆ ಬಂದು, "ಅಕ್ಕಾರ, ಮೊದಲ ಉಡಿ ನೀವಽ ತುಂಬಬೇಕ್ರಿ. ಇಲ್ಲಿ ನನಗ ಅಕ್ಕ ಅಂದ್ರ ನೀವಽ," ಅಂದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, "ಅವಳಿಗ್ ಬ್ಯಾಡ ಬಿಡವ್ವ. ಮನ್ಸಿಗ್ ನೋವು ಮಾಡ್ಕೊತಾಳೆ. ನಾನೇ ತುಂಬ್ತೀನಿ," ಅಂದರು.

ಶೈಲಾ ನನ್ನ ಮುಖ ನೋಡಿದಳು. ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಹುರಿಯುತ್ತಲೇ ಇದ್ದೆ.

ಅವರೆಕಾಯಿಯ ಕಾಲ. ಬಂದವರಿಗೆಲ್ಲ ಅವರೆಕಾಳಿನ ಉಪ್ಪಿಟ್ಟು ನಾವೇ ಮಾಡಿಕೊಡುವುದೆಂದು ಅತ್ತೆ ಒಪ್ಪಿಕೊಂಡಿದ್ದರು. ಶಾಸ್ತ್ರ ಮುಗಿದು ಹೆಂಗಸರು ಶೈಲಾಳ ಮನೆಯ ಹಾಲಿನಲ್ಲಿ ತಟ್ಟೆ ಹಿಡಿದು ಕೂತರು. ನಾನು ಒಳಗಿನಿಂದ ಬಡಿಸಿ ಕಳಿಸುತ್ತಿದ್ದೆ. ಅತ್ತೆ ರೊಟ್ಟಿ, ಚಟ್ನಿಪುಡಿ ಮಾತ್ರ ಹಾಕಿಸಿಕೊಂಡಿದ್ದರು. ಅವರೆಕಾಯಿ ತಿಂದರೆ ಗ್ಯಾಸ್ ಆಗುತ್ತದೆಂದು ಅವರು ಬಹಳ ವರ್ಷದಿಂದ ತಿನ್ನುತ್ತಿರಲಿಲ್ಲ. ಒಂದು ಕಾಲಕ್ಕೆ ಅದೆಂದರೆ ಪ್ರಾಣ ಬಿಡುತ್ತಿದ್ದವರು.

ಶೈಲಾಳ ತಾಯಿ ಬಿಡುವವರಲ್ಲ. "ಯವ್ವಾ, ತಾವಽ ಮಾಡಿ ತಾವಽ ತಿನ್ನೂದಿಲ್ಲಂದ್ರ ಹೆಂಗ್ರೀ? ಒಂದ್ ತುತ್ತರ ತಿನ್ರಿ."

"ಬ್ಯಾಡ ಕಣವ್ವ, ಬಿಟ್ಟಿದೀನಿ."

"ಯಾಕ್ರೀ, ಕಾಶಿಗೆ ಹೋಗಿದ್ರೇನ?"

ನಾನು ಬಾಗಿಲ ಈಚೆ ತಟ್ಟೆ ಹಿಡಿದು ನಿಂತಿದ್ದೆ. ಅತ್ತೆ ದನಿ ತಗ್ಗಿಸಿದರು. ತಗ್ಗಿಸಿದರೂ ಅವರದು ಹೊಲದಲ್ಲಿ ಕೂಗಿ ಬೆಳೆದ ದನಿ. "ಮಾರಮ್ಮನ್ ಗುಡಿಲಿ ಹೇಳ್ಕೊಂಡ್ ಬಿಟ್ಟಿದೀನವ್ವ, ಒಂಬತ್ತು ವರ್ಷಾಯ್ತು. ನನ್ ಸೊಸೆ ಮಡಿಲು ತುಂಬೋಗಂಟ ಬಾಯಿಗಿಡಲ್ಲ ಅಂತ. ಅವಳ್ಗೆ ಗೊತ್ತಿಲ್ಲ, ಹೇಳ್ಬ್ಯಾಡ. ನೊಂದ್ಕೊತಾಳೆ."

"ಮತ್ತ ಡಾಕ್ಟರ ಬ್ಯಾಡ ಅಂದಾರಂದ್ರೆಲ್ಲ?"

"ಡಾಕ್ಟ್ರು ಬ್ಯಾಡ ಅಂದವ್ರೆ. ಇವತ್ ಬ್ಯಾಡ ಅಂದೋರು ನಾಳೆ ಆಯ್ತು ಅನ್ನಬಹುದು. ಹೊಸಾ ಹೊಸಾ ಔಷ್ದಿ ಬತ್ತಾವಲ್ಲ. ಆ ಒಂದ್ ಮಾತಿಗೆ ಕಾಯ್ತಾ ಇವ್ನಿ."

ಆ ಒಂದು ಮಾತನ್ನು ಡಾಕ್ಟರು ಐದು ವರ್ಷದ ಹಿಂದೆಯೇ ಹೇಳಿದ್ದರು. ನನ್ನ ಎದುರು, ಸ್ಪಷ್ಟವಾಗಿ. ನಾನು ತಟ್ಟೆಯನ್ನು ಕಟ್ಟೆಯ ಮೇಲಿಟ್ಟು, ಕೈ ತೊಳೆದುಕೊಂಡು, ಮತ್ತೆ ತೊಳೆದುಕೊಂಡೆ.

ಮರುದಿನ ಮಧ್ಯಾಹ್ನ ಅತ್ತೆ ಹಿತ್ತಲಲ್ಲಿ ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದರು, ರಾತ್ರಿ ನನಗೂ ಮಂಜುನಾಥರಿಗೂ ಆಗುವ ಸಾರಿಗೆ. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಅವರು ಕಾಳನ್ನು ನೋಡುವುದೇ ಇಲ್ಲ. ನಾನು ಎದುರಿಗೆ ಮಣೆ ಹಾಕಿಕೊಂಡು ಕೂತೆ.

"ಅತ್ತೆ, ಡಾಕ್ಟರು ಬೇಡ ಅಂದಿರಲಿಲ್ಲ."

"ಯಾವಾಗ?"

"ಐದು ವರ್ಷದ ಹಿಂದೆ. ನಾವಿಬ್ರೂ ಹೋಗಿದ್ವಲ್ಲ, ಆವತ್ತು. ಪ್ರಯತ್ನ ಮಾಡಬಹುದು ಅಂದಿದ್ರು. ಬೇಡ ಅಂದಿದ್ದು ನಾನು."

ಬೇಳೆ ಪಾತ್ರೆಗೆ ಬೀಳುವ ಸದ್ದು ನಿಂತಿತು. ಅತ್ತೆ ಕೇಳಿದರು: "ಕಾಯ್ಲೆಗೆ ಎದ್ರುಕೊಂಡಾ?"

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಅದನ್ನು ಕೇಳಿದ ರೀತಿಯಲ್ಲೇ ಕ್ಷಮೆ ಇತ್ತು. ಎದ್ದು ಬಂದು ತಲೆ ಸವರುತ್ತಿದ್ದರು. ಒಂಬತ್ತು ವರ್ಷದ ಹಿಂದಿನ ಆ ಗಂಜಿಯ ಹಾಗೆಯೇ, ನನ್ನದಲ್ಲದ್ದನ್ನು ನಾನು ಇನ್ನೊಮ್ಮೆ ತೆಗೆದುಕೊಳ್ಳಬಹುದಿತ್ತು.

"ಅದೂ ಇತ್ತು," ಅಂದೆ. "ಆದ್ರೆ ಕಾಯಿಲೆ ಇಲ್ಲದಿದ್ರೂ ನನಗೆ ಬೇಕು ಅನಿಸಿರಲಿಲ್ಲ ಅತ್ತೆ. ಮದುವೆ ಆದಾಗಿಂದ್ಲೂ."

ಅತ್ತೆ ನನ್ನನ್ನು ನೋಡಿದರು. ಕೋಪವಿರಲಿಲ್ಲ. ಗುರುತು ಹತ್ತದವರನ್ನು ನೋಡುವ ಹಾಗೆ. ಆಮೇಲೆ ಸೆರಗಿನಿಂದ ಬೆರಳು ಒರೆಸಿಕೊಳ್ಳುತ್ತಾ, "ನಾನ್ ನಿನ್ನ ಬಸ್ರಿ ಅನ್ಕೊಂಡಾಗ್ಲೂ ನೀನ್ ಸುಮ್ಕಿದ್ದೆ. ಊರೋರೆಲ್ಲ ಪಾಪ ಅಂದಾಗ್ಲೂ ಸುಮ್ಕಿದ್ದೆ. ನಿಮ್ ಇಸ್ಕೂಲಲ್ಲಿ ಬಾಯ್ ಮುಚ್ಕೊಂಡಿರೋದ್ನ ಚೆನ್ನಾಗ್ ಕಲ್ಸವ್ರೆ ಕಣವ್ವ," ಎಂದು ಎದ್ದು ಒಳಗೆ ಹೋದರು.

ಉಳಿದ ಕಾಳನ್ನು ನಾನು ಹಿತುಕಿದೆ. ನನ್ನ ಬೆರಳಿಗೆ ಒಂದು ಬಟ್ಟಲು ಕಾಳಿಗೆ ಒಂದು ಗಂಟೆ ಬೇಕು.

ಮುಂದಿನ ಹನ್ನೆರಡು ದಿನ ಅತ್ತೆ ನನ್ನೊಡನೆ ಆಡಿದ ಮಾತೆಲ್ಲ ಕೆಲಸದ್ದು. ಗ್ಯಾಸ್ ಬುಕ್ ಮಾಡು. ಟ್ಯಾಂಕ್ ತುಂಬ್ತು, ಮೋಟರ್ ಆರಿಸು. ನಾನು ಮಾತ್ರೆ ತೆಗೆದುಕೊಂಡೆನೋ ಇಲ್ಲವೋ ಎಂದು ಕೇಳುವುದನ್ನು ನಿಲ್ಲಿಸಿದರು. ಮಂಜುನಾಥ ಮನೆಗೆ ಬಂದರೆ ಇಬ್ಬರೂ ಏನೂ ಆಗಿಲ್ಲದ ಹಾಗಿರುತ್ತಿದ್ದೆವು. ನಾನು ಬಯಸಿದ್ದೇನೋ ಆಗಿತ್ತು, ಸುಳ್ಳು ಹೋಗಿತ್ತು. ಅದು ಹೋದ ಜಾಗದಲ್ಲಿ ಇಷ್ಟು ತಣ್ಣಗಿರುತ್ತದೆಂದು ಗೊತ್ತಿರಲಿಲ್ಲ. ಕನಿಕರವಾದರೂ ಮೈಗೆ ಒಂದು ಹೊದಿಕೆಯಾಗಿತ್ತು.

ಒಂದು ಸಂಜೆ ಧೈರ್ಯ ಮಾಡಿ, "ಅವರೆಕಾಯಿ ತಿನ್ನಿ ಅತ್ತೆ, ಇನ್ನೂ ಯಾಕೆ," ಅಂದೆ.

"ಹೇಳಿದ್ದು ದೇವ್ರಿಗೆ. ನಿಂಗಲ್ಲ," ಅಂದರು.

ಹದಿಮೂರನೆಯ ದಿನ ನಾನು ಬಟ್ಟೆ ಮಡಿಸುತ್ತಿದ್ದಾಗ ಬಂದು ಮಂಚದ ತುದಿಯಲ್ಲಿ ಕೂತರು. ಒಂದು ಟವೆಲ್ ತೆಗೆದುಕೊಂಡು ತಾವೂ ಮಡಿಸಿದರು.

"ನನ್ ಮಗನ್ಗೆ ಗೊತ್ತಾ?"

"ಡಾಕ್ಟರು ಹೇಳಿದ್ದು ಗೊತ್ತು. ಅವರೂ ಇದ್ರಲ್ಲ."

"ಅದಲ್ಲ. ನಿಂಗೆ ಮೊದ್ಲಿಂದ್ಲೂ ಬ್ಯಾಡ ಅನ್ನೋದು."

"ಇಲ್ಲ."

ಟವೆಲ್ಲಿನ ಅಂಚನ್ನು ಅಂಚಿಗೆ ಸರಿಯಾಗಿ ಕೂಡಿಸಿದರು. "ಮೊದ್ಲು ಅವನಿಗ್ ಹೇಳ್ಬೇಕಿತ್ತು. ಗಂಡನ್ಗೆ ಹೇಳ್ದೆ ಇರೋದ್ನ ತಂದು ನನ್ ತಲೆ ಮ್ಯಾಲೆ ಇಟ್ಯಲ್ಲ. ಹನ್ನೆರಡು ದಿನದಿಂದ ನಾನ್ ಅವನ ಮುಖ ನೋಡೋಕ್ ಆಗ್ತಿಲ್ಲ. ಹೋಗ್ ಹೇಳು. ನಾನೊಬ್ಳೇ ಹೊರೋದಲ್ಲ ಇದು."

ಸಂಜೆಯವರೆಗೆ ಕಾದರೆ ಹೇಳುವುದಿಲ್ಲವೆಂದು ಗೊತ್ತಿತ್ತು. ಛತ್ರಿ ತೆಗೆದುಕೊಂಡು, ಮಧ್ಯಾಹ್ನದ ಬಿಸಿಲಿನಲ್ಲಿ ಮಾರ್ಕೆಟ್ ಹಾದು ನಡೆದೇ ಅಂಗಡಿಗೆ ಹೋದೆ. ಆ ಹೊತ್ತಿನಲ್ಲಿ ನಾನು ಅಂಗಡಿಗೆ ಹೋದವಳೇ ಅಲ್ಲ. ಮಂಜುನಾಥ ಕೌಂಟರಿನ ಹಿಂದೆ ಒಬ್ಬರೇ ಇದ್ದರು. ಬಣ್ಣದ ಪಟ್ಟಿಗಳ ಪುಸ್ತಕವನ್ನು ಬೀಸಣಿಗೆಯ ಹಾಗೆ ಬಿಚ್ಚಿಟ್ಟುಕೊಂಡು ಯಾವುದಕ್ಕೋ ಗುರುತು ಹಾಕುತ್ತಿದ್ದರು.

"ಏನಾಯ್ತು? ಜ್ವರನಾ? ಫೋನ್ ಮಾಡಬಾರ್ದಿತ್ತಾ, ಈ ಬಿಸಿಲಲ್ಲಿ..."

"ಏನಿಲ್ಲ. ಒಂದು ವಿಷಯ ಹೇಳಬೇಕಿತ್ತು."

ಹೇಳಿದೆ. ಬಚ್ಚಲು, ನಲ್ಲಿ, ಬಕೆಟ್ ತುಂಬುವವರೆಗೆ ನಿಲ್ಲುತ್ತಿದ್ದದ್ದು, ಎಲ್ಲವನ್ನೂ. ಅತ್ತೆಗೆ ಹೇಳಿದ್ದನ್ನೂ ಹೇಳಿದೆ. ಹೊರಗೆ ಬಸ್ಸುಗಳ ಹಾರನ್ನಿಗೆ ಎರಡು ಕಡೆ ಮಾತು ನಿಲ್ಲಿಸಿ ಮತ್ತೆ ಶುರು ಮಾಡಬೇಕಾಯಿತು. ಅವರು ಪಟ್ಟಿಗಳನ್ನು ಒಂದೊಂದಾಗಿ ಮಡಿಚಿ ಪುಸ್ತಕ ಮುಚ್ಚಿದರು. ಬಿಳಿಯಿಂದ ಶುರುವಾಗಿ ಕಡು ನೀಲಿಯವರೆಗೆ.

"ನಂಗೆ ಬೇಕಿತ್ತು, ಲತಾ."

ಪುಸ್ತಕವನ್ನು ಪಕ್ಕಕ್ಕೆ ಸರಿಸುತ್ತಾ, "ನಿನ್ ಕಿಡ್ನಿ ನೆನೆಸ್ಕೊಂಡು ಬಾಯಿ ಮುಚ್ಕೊಂಡೆ. ಆವತ್ತು ಸಿಗ್ನಲ್ಲಲ್ಲಿ. ಹೆಲ್ಮೆಟ್ ಇತ್ತಲ್ಲ, ಸರಿ ಹೋಯ್ತು," ಅಂದರು.

ಹನ್ನೆರಡು ವರ್ಷ ಒಂದೇ ಮನೆಯಲ್ಲಿ ಉಂಡು ಮಲಗಿದ ಮನುಷ್ಯ. ಅವರಿಗೆ ಬೇಕಿತ್ತೆ ಎಂದು ನಾನು ಒಂದು ಸಲವೂ ಕೇಳಿರಲಿಲ್ಲ. ಕೇಳಿದರೆ ಹೇಳಿಬಿಡುತ್ತಾರೆಂದು. ಬಾಯಿಗೆ 'ಸಾರಿ' ಬಂತು. ಸ್ಕೂಲಿನಲ್ಲಿ ಇಂಕು ಚೆಲ್ಲಿದರೂ ಬೆಂಚು ಮುರಿದರೂ ಹೇಳುತ್ತಿದ್ದ ಪದ. ಅದನ್ನು ಇಲ್ಲಿ ಬಳಸಲು ನಾಚಿಕೆಯಾಯಿತು. ನನಗೆ ಬೇಕಿರಲಿಲ್ಲ, ಅವರಿಗೆ ಬೇಕಿತ್ತು. ಎರಡನ್ನೂ ಒಂದು ಮಾಡುವ ಮಾತು ಯಾವ ಭಾಷೆಯಲ್ಲೂ ನನಗೆ ಗೊತ್ತಿರಲಿಲ್ಲ, ಇವತ್ತಿಗೂ ಗೊತ್ತಿಲ್ಲ.

ಅಷ್ಟರಲ್ಲಿ ಒಬ್ಬ ಗಿರಾಕಿ ಮೆಟ್ಟಿಲು ಹತ್ತಿ ಬಂದ. "ಸಾರ್, ಬಾಲ್ಕನಿ ಗ್ರಿಲ್‌ಗೆ ಬ್ಲ್ಯಾಕ್ ಬೇಕಿತ್ತು. ತುಕ್ಕು ಹಿಡಿದಿದೆ, ಅದರ ಮೇಲೇ ಹೊಡೀಬಹುದಾ?"

"ಇಲ್ಲ ಸಾರ್. ಮೊದಲು ಉಜ್ಜಬೇಕು," ಎಂದರು ಮಂಜುನಾಥ. ದನಿ ಎಂದಿನ ಹಾಗೆಯೇ ಇತ್ತು. "ಪೂರ್ತಿ ಉಜ್ಜಿ, ಒಂದ್ ಕೋಟ್ ರೆಡ್ ಆಕ್ಸೈಡ್ ಹಾಕಿ, ಆಮೇಲೆ." ಡಬ್ಬಿ ತೆಗೆಯಲು ಹಿಂದೆ ತಿರುಗಿದರು. ತಿರುಗುವಾಗ ನನ್ನ ಕಡೆ ನೋಡಲಿಲ್ಲ. ಆದರೆ ಕೌಂಟರಿನ ಕೆಳಗಿದ್ದ ಸ್ಟೂಲನ್ನು ಕಾಲಿನಿಂದ ನನ್ನ ಕಡೆಗೆ ಸರಿಸಿದರು. ಇಷ್ಟು ದೂರ ನಡೆದ ದಿನ ನನ್ನ ಮಂಡಿ ನಿಲ್ಲಲು ಬಿಡುವುದಿಲ್ಲ ಎಂದು ಅವರಿಗೆ ಗೊತ್ತು.

ನಾನು ಕೂತೆ.